ಹೊತ್ತುಗೊತ್ತು ತಿಳಿದ ದೇಹ

ಸಂಜೆ ಆರೂವರೆಯಾಯಿತೆಂದರೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಮ್ಮ ಟಿವಿ ಆರಿಸುತ್ತಾರೆ. ಮೋರಿಗೆ, ಅಂದರೆ ಮನೆಯೊಳಗಿನ ಬಚ್ಚಲಿಗೆ, ಹೋಗಿ ಮೊಣಕಾಲಿನವರೆಗೆ ನೀರು ಹೊಯ್ದುಕೊಂಡು, ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. ಮಧ್ಯಾಹ್ನವೇ ಹೊಸೆದಿಟ್ಟ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ದೀಪ ಹಚ್ಚುತ್ತಾರೆ. ಆಗ ಯಾರೂ ಟ್ಯೂಬ್‌ಲೈಟ್ ಹಾಕುವಂತಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ತಾಳ ಹಿಡಿದು ನಾಲ್ಕು ಭಜನೆ ಹಾಡುತ್ತಾರೆ. ಏಳೂಕಾಲಿಗೆ ಕುಚ್ಚಲಕ್ಕಿ ಗಂಜಿ, ಒಂದು ಪಲ್ಯ, ಕೊನೆಗೆ ಮಜ್ಜಿಗೆ. ಬಳಿಕ ಕೆಳಗಿಳಿದು ಪಕ್ಕದ ಮನೆಯ ಆಯಿಯ ಜೊತೆ ಕಟ್ಟಡದ ಸುತ್ತ ಹತ್ತು ಸುತ್ತು. ಒಂಬತ್ತೂವರೆಗೆ ನಿದ್ದೆ. ಕುಂದಾಪುರದ ಪಕ್ಕದ ಹಳ್ಳಿಯಿಂದ ಮದುವೆಯಾಗಿ ಬಂದು ಐವತ್ತು ವರ್ಷ ದಾಟಿದೆ. ಚಾಳಿನ ಒಂದೇ ಕೋಣೆಯಲ್ಲಿದ್ದಾಗಲೂ ಈ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ.

ಅದೇ ಮನೆಯಲ್ಲಿ ನನ್ನ ದಿನಚರಿ ಬೇರೆಯೇ ಇತ್ತು. ಫೋರ್ಟ್‌ನ ಕಚೇರಿಯಿಂದ ಹೊರಟು, ಲೋಕಲ್ ರೈಲು ಹಿಡಿದು, ಮನೆ ಸೇರುವಾಗ ರಾತ್ರಿ ಹತ್ತು. ಊಟ ಹತ್ತೂವರೆಗೆ. ಕೈಯಲ್ಲಿ ಮೊಬೈಲ್ ಹಿಡಿದು ಮಲಗುವಾಗ ಹನ್ನೆರಡೂವರೆ. ಮೂರು ವರ್ಷದ ಹಿಂದೆ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ 6.3 ಬಂತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಆದರೆ ಮಧುಮೇಹವೇ. ವರದಿ ನೋಡಿದ ಡಾಕ್ಟರು, ಏನು ತಿನ್ನುತ್ತೀರಿ ಎಂದು ವಿಚಾರಿಸುವ ಮೊದಲೇ, ಎಷ್ಟು ಹೊತ್ತಿಗೆ ತಿನ್ನುತ್ತೀರಿ ಎಂದು ಕೇಳಿದರು. ಆ ಪ್ರಶ್ನೆಯ ಬೆನ್ನು ಹತ್ತಿ ಓದಿಕೊಂಡದ್ದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇನೆ. ನಮ್ಮ ಮುಂಬಯಿ ಕನ್ನಡಿಗರಲ್ಲಿ ನನ್ನಂತೆ ಹತ್ತೂವರೆಗೆ ಉಣ್ಣುವವರು ಬಹಳ ಮಂದಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿ ನಿಂತಿದ್ದಾರೆ.

ಹೊತ್ತು ಎಂಬ ನಮ್ಮ ಮಾತನ್ನು ಒಮ್ಮೆ ಗಮನಿಸಿ. ಹೊತ್ತು ಮೂಡಿತು, ಹೊತ್ತು ಮುಳುಗಿತು ಎನ್ನುವಾಗ ಅದು ಸೂರ್ಯ. ಹೊತ್ತಾಯಿತು ಎನ್ನುವಾಗ ಸಮಯ. ಎರಡು ಹೊತ್ತಿನ ಅನ್ನ ಎನ್ನುವಾಗ ಊಟ. ಬಿಸಿಲು, ಗಡಿಯಾರ, ಅನ್ನ ಮೂರನ್ನೂ ಕನ್ನಡ ಒಂದೇ ಮಾತಿನಲ್ಲಿ ಕಟ್ಟಿಹಾಕಿದೆ. ದೇಹದ ಒಳಗೂ ಈ ಮೂರು ಹೀಗೆಯೇ ಕಟ್ಟಿಕೊಂಡಿವೆ ಎಂಬುದನ್ನು ವಿಜ್ಞಾನ ವಿವರವಾಗಿ ತಿಳಿದದ್ದು ಕಳೆದ ಕೆಲವು ದಶಕಗಳಲ್ಲಿ.

ನಮ್ಮ ಮೆದುಳಿನಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಅದು ದೇಹದ ದೊಡ್ಡ ಗಡಿಯಾರ. ಅದರ ಒಂದು ಸುತ್ತು ಸರಿಯಾಗಿ 24 ಗಂಟೆಯಲ್ಲ, ಸರಾಸರಿ ಕೆಲವು ನಿಮಿಷ ಹೆಚ್ಚು. ತಿದ್ದದೆ ಬಿಟ್ಟರೆ ದಿನದಿನಕ್ಕೆ ಹಿಂದೆ ಬೀಳುತ್ತಾ ಹೋಗುವ ಕೈಗಡಿಯಾರದಂತೆ ಅದು. ಅದನ್ನು ಪ್ರತಿದಿನ ತಿದ್ದುವುದು ಬೆಳಗಿನ ಬೆಳಕು. ಕಣ್ಣಿನ ಅಕ್ಷಿಪಟಲದಲ್ಲಿ ಕೆಲವು ವಿಶೇಷ ಕೋಶಗಳಿವೆ. ಆಕಾರ, ಬಣ್ಣ ನೋಡುವುದು ಅವುಗಳ ಮುಖ್ಯ ಕೆಲಸವಲ್ಲ, ಬೆಳಕು ಎಷ್ಟಿದೆ ಎಂದು ಅಳೆದು ಆ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ.

ಇದು ಮೆದುಳಿನ ಕಥೆ. ಯಕೃತ್ತು, ಮೇದೋಜ್ಜೀರಕ ಗ್ರಂಥಿ, ಕರುಳು, ಸ್ನಾಯು, ಕೊಬ್ಬಿನ ಕೋಶಗಳಲ್ಲೂ ಸಣ್ಣ ಸಣ್ಣ ಗಡಿಯಾರಗಳಿವೆ. ಹಣ್ಣಿನ ನೊಣದ ಕೋಶಗಳಲ್ಲಿ ಈ ಗಡಿಯಾರ ನಡೆಸುವ ವಂಶವಾಹಿಗಳನ್ನು ಹುಡುಕಿ ತೆಗೆದದ್ದಕ್ಕೇ ಜೆಫ್ರಿ ಹಾಲ್, ಮೈಕೆಲ್ ರೊಸ್ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂದದ್ದು. ಈ ಸಣ್ಣ ಗಡಿಯಾರಗಳಿಗೆ, ಅದರಲ್ಲೂ ಯಕೃತ್ತಿಗೆ, ಬೆಳಕಿಗಿಂತ ಊಟದ ಹೊತ್ತೇ ದೊಡ್ಡ ಸೂಚನೆ. ರಾತ್ರಿ ಹತ್ತೂವರೆಗೆ ತಟ್ಟೆಯ ಮುಂದೆ ಕುಳಿತರೆ ಮೆದುಳಿನ ಗಡಿಯಾರ ರಾತ್ರಿಯಾಯಿತು ಎನ್ನುತ್ತಿರುತ್ತದೆ, ಯಕೃತ್ತಿನ ಗಡಿಯಾರ ಹಗಲು ಮುಗಿದಿಲ್ಲ ಎಂದುಕೊಳ್ಳುತ್ತದೆ. ಒಂದೇ ಮನೆಯಲ್ಲಿ ಎರಡು ಗಡಿಯಾರ ಎರಡು ಸಮಯ ತೋರಿಸಿದಂತೆ. ಒಂದು ದಿನಕ್ಕೆ ಇದರಿಂದ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಸಕ್ಕರೆ, ತೂಕ, ನಿದ್ದೆ, ಮನಸ್ಸು ಒಂದೊಂದಾಗಿ ಜಾರುತ್ತವೆ.

ಇಲ್ಲಿ ಮುಂಬಯಿಯ ಇತಿಹಾಸದ ಒಂದು ಸಂಗತಿ ಹೇಳದೆ ಇರಲಾರೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು ನೋಡಿ. ಮುಂಬಯಿ ಇರುವುದು ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಪಶ್ಚಿಮಕ್ಕೆ. ಹಾಗಾಗಿ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 39 ನಿಮಿಷ ತಡ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಜಾರಿಗೆ ಬಂದಾಗ ಈ ನಗರ ಅದನ್ನು ಸುಲಭವಾಗಿ ಒಪ್ಪಲಿಲ್ಲ. ತನ್ನ ಸೂರ್ಯನಿಗೆ ತಕ್ಕ ಬಾಂಬೆ ಟೈಮ್ ಅನ್ನು 1955ರವರೆಗೂ ಇಟ್ಟುಕೊಂಡಿತ್ತು. ಈಗ ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ದಾಟಿದ ಮೇಲೆ. ಆರು ಗಂಟೆಯ ಲೋಕಲ್ ಹಿಡಿಯುವವರು ಕತ್ತಲಲ್ಲಿ ಹೊರಟು, ಹಗಲೆಲ್ಲ ನಾಲ್ಕು ಗೋಡೆಯ ನಡುವೆ ಇದ್ದು, ಕತ್ತಲಲ್ಲೇ ಮರಳುತ್ತಾರೆ. ಅವರ ಗಡಿಯಾರವನ್ನು ತಿದ್ದುವ ಬೆಳಕು ಎಲ್ಲಿಂದ ಬರಬೇಕು?

ಮನೆಯೊಳಗಿನ ಬೆಳಕು ಕಣ್ಣಿಗೆ ಸಾಕಷ್ಟು ಎನಿಸುತ್ತದೆ, ಆದರೆ ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ ಅದು ಸಾಮಾನ್ಯವಾಗಿ 100ರಿಂದ 300. ಆಷಾಢದ ಮೋಡದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ, ನೇರ ಬಿಸಿಲಿನಲ್ಲಿ ಒಂದು ಲಕ್ಷದ ಹತ್ತಿರ. ಊರಿನಲ್ಲಿ ಬೆಳಿಗ್ಗೆ ಎದ್ದವರು ಅಂಗಳ ಗುಡಿಸಿ, ತುಳಸಿಗೆ ನೀರು ಹೊಯ್ದು, ದನದ ಹಟ್ಟಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಗಂಟೆಯ ಬೆಳಕು ತಾನಾಗಿ ಸಿಗುತ್ತಿತ್ತು. ಬೆಳಕು ಬೇಕೆಂದು ಯಾರೂ ಹೊರಗೆ ನಿಲ್ಲುತ್ತಿರಲಿಲ್ಲ, ಕೆಲಸವೇ ಅಲ್ಲಿತ್ತು. ಅಮ್ಮನಿಗೆ ಈಗ ಅಂಗಳವಿಲ್ಲ. ಕಿಟಕಿಯ ಗ್ರಿಲ್‌ನಲ್ಲಿ ಕುಂಡದಲ್ಲಿರುವ ತುಳಸಿಗೆ ನೀರು ಹಾಕುತ್ತಾ, ಅಲ್ಲಿಯೇ ನಿಂತು ಚಹಾ ಕುಡಿಯುತ್ತಾರೆ. ಅಷ್ಟೂ ಲಾಭವೇ.

ಸಂಜೆಯ ದೀಪಕ್ಕೆ ಬರೋಣ. ಒಂದು ಮೇಣದಬತ್ತಿಯ ಬೆಳಕು ಒಂದು ಮೀಟರ್ ದೂರದಲ್ಲಿ ಸುಮಾರು 1 ಲಕ್ಸ್. ಎಣ್ಣೆದೀಪವೂ ಅದೇ ಜಾತಿಯದು, ಹಳದಿ ಮತ್ತು ಮಂದ. ಕಣ್ಣಿನ ಆ ವಿಶೇಷ ಕೋಶಗಳನ್ನು ಅದು ಬಡಿದೆಬ್ಬಿಸುವುದಿಲ್ಲ. ಹಾಗಾಗಿ ಕತ್ತಲಾಗುತ್ತಿದ್ದಂತೆ ಮೆದುಳು ಮೆಲಟೋನಿನ್ ಎಂಬ ರಾಸಾಯನಿಕವನ್ನು ಬಿಡಲು ಅಡ್ಡಿಯಿರುವುದಿಲ್ಲ. ರಾತ್ರಿಯಾಯಿತು ಎಂದು ಇಡೀ ದೇಹಕ್ಕೆ ಡಂಗುರ ಸಾರುವುದು ಈ ಮೆಲಟೋನಿನ್. ಮುಖದ ಮುಂದೆ ಹಿಡಿದ ಮೊಬೈಲ್ ಮತ್ತು ತಲೆಯ ಮೇಲಿನ ಬಿಳಿ ಎಲ್‌ಇಡಿ ಆ ಡಂಗುರವನ್ನು ತಡಮಾಡಿಸುತ್ತವೆ. ಕೈಕಾಲು ತೊಳೆಯುವುದೂ ಇದಕ್ಕೆ ಸೇರಿದ್ದು, ವಿಶೇಷವಾಗಿ ಬೆಚ್ಚಗಿನ ನೀರಿನಲ್ಲಿ. ನಿದ್ದೆ ಬರಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಬೆಚ್ಚಗಿನ ನೀರು ಅಂಗೈ ಅಂಗಾಲುಗಳ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅಲ್ಲಿಂದ ಬಿಸಿ ಹೊರಗೆ ಹೋಗುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು ಬೆಚ್ಚಗಿನ ನೀರಿನ ಸ್ನಾನ ಮಾಡಿದವರಿಗೆ ನಿದ್ದೆ ಸುಮಾರು ಹತ್ತು ನಿಮಿಷ ಬೇಗ ಹತ್ತುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2019ರ ವಿಶ್ಲೇಷಣೆಯೊಂದು ತೋರಿಸಿದೆ.

ಈಗ ಊಟ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆ ಎಲ್ಲರಿಗೂ ಗೊತ್ತು. ಇದನ್ನು ಕಣ್ಣು ಮುಚ್ಚಿ ಪಾಲಿಸಿ ಎಂದು ನಾನು ಹೇಳಲಾರೆ. ಬೆಳೆಯುವ ಮಕ್ಕಳಿಗೆ, ಬಸುರಿಯರಿಗೆ, ಮೈಮುರಿದು ದುಡಿಯುವವರಿಗೆ ಮೂರು ಹೊತ್ತಿನ ಊಟ ಬೇಕೇ ಬೇಕು. ಗಾದೆಯಲ್ಲಿ ನನಗೆ ಮುಖ್ಯವೆನಿಸುವುದು ಊಟವನ್ನು ಅದು ಹೊತ್ತಿನಲ್ಲಿ ಎಣಿಸುವ ರೀತಿ. ಎರಡು ಹೊತ್ತಿನ ನಡುವೆ ಬಿಡುವು ಇದೆ. ಬೆಳಿಗ್ಗೆ ಏಳರ ಚಹಾದಿಂದ ರಾತ್ರಿ ಹನ್ನೊಂದರ ಚಕ್ಕುಲಿಯವರೆಗೆ ಬಾಯಾಡುತ್ತಲೇ ಇರುವವರಿಗೆ ಹೊತ್ತು ಎಂಬುದೇ ಇಲ್ಲ.

ರಾತ್ರಿ ತಡವಾಗಿ ಉಂಡರೆ ಆಗುವುದೇನು? ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯನ್ನು ಕೋಶಗಳ ಒಳಕ್ಕೆ ಕಳುಹಿಸುವುದು ಮೇದೋಜ್ಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್. ಬೆಳಿಗ್ಗೆ ಆ ಕೆಲಸ ಚುರುಕು, ಸಂಜೆಯಾದಂತೆ ನಿಧಾನ. ಮೇಲೆ ಹೇಳಿದ ಮೆಲಟೋನಿನ್ ಇನ್ಸುಲಿನ್ ಬಿಡುಗಡೆಯನ್ನು ಇನ್ನಷ್ಟು ತಗ್ಗಿಸುತ್ತದೆ. ರಾತ್ರಿ ಯಾರೂ ಉಣ್ಣುವುದಿಲ್ಲ ಎಂಬ ಲೆಕ್ಕದಲ್ಲಿ ದೇಹ ಮಾಡಿಕೊಂಡ ಏರ್ಪಾಟು ಅದು. ಹಾಗಾಗಿ ಅದೇ ಅನ್ನ, ಅದೇ ಸಾರು, ಅದೇ ಅಳತೆ ಆದರೂ ಬೆಳಿಗ್ಗೆಗಿಂತ ರಾತ್ರಿ ಸಕ್ಕರೆ ಹೆಚ್ಚು ಏರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ.

ಉಂಡ ಮೇಲೆ ನೂರು ಹೆಜ್ಜೆ ಎಂಬ ಹಿರಿಯರ ಮಾತಿಗೂ ಗಟ್ಟಿ ಕಾರಣವಿದೆ. ತೊಡೆ, ಮೀನಖಂಡಗಳ ಸ್ನಾಯು ಕುಗ್ಗಿ ಹಿಗ್ಗುವಾಗ, ಇನ್ಸುಲಿನ್ ಬಂದು ಬಾಗಿಲು ತೆರೆಯುವವರೆಗೆ ಕಾಯದೆ, ಸಕ್ಕರೆಯನ್ನು ತಾವೇ ಒಳಗೆ ಎಳೆದುಕೊಳ್ಳುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲೂ ಈ ಹಿಂಬಾಗಿಲು ತೆರೆದೇ ಇರುತ್ತದೆ. ಸಕ್ಕರೆ ಏರುವ ಹೊತ್ತಿಗೇ ನಡೆದರೆ ಲಾಭ ಹೆಚ್ಚು. ಊಟವಾದ ಕೂಡಲೇ ಹತ್ತು ಹದಿನೈದು ನಿಮಿಷ ಸಾವಕಾಶ ನಡೆದರೆ ಸಾಕು, ಓಡುವುದು ಬೇಡ.

ತಟ್ಟೆಯಲ್ಲಿ ಏನಿರಬೇಕು ಎಂಬುದನ್ನು ಹಿಂದೆ ಇಟ್ಟೆನೆಂದರೆ ಅದು ಮುಖ್ಯವಲ್ಲವೆಂದಲ್ಲ. ಕುಚ್ಚಲಕ್ಕಿಯನ್ನೇ ನೋಡಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟುವುದರಿಂದ ತೌಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳು ನೀರಿನ ಜೊತೆ ಕಾಳಿನ ಒಳಕ್ಕೆ ಇಳಿಯುತ್ತವೆ. ಹೀಗೆ ಬೇಯಿಸದ ಬೆಳ್ತಿಗೆ ಅಕ್ಕಿಗೆ ಹೆಚ್ಚು ಪಾಲಿಶ್ ಕೊಟ್ಟಾಗ ಅವೆಲ್ಲ ತೌಡಿನ ಜೊತೆ ಹೊರಗೆ ಹೋಗುತ್ತವೆ. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿಕೊಂಡ ಕಡೆಗಳಲ್ಲಿ ಕೈಕಾಲು ಸೋಲಿಸಿ ಹೃದಯವನ್ನು ಕೆಡಿಸುವ ಬೆರಿಬೆರಿ ರೋಗ ಹಬ್ಬಿದ್ದು ಹೀಗೆ. ಅದರ ಜಾಡು ಹಿಡಿದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಬಂತು. ಇನ್ನು ಬೆಂದ ಅನ್ನ ತಣ್ಣಗಾದಾಗ ಅದರ ಪಿಷ್ಟದ ಒಂದು ಪಾಲು ಬೇಗ ಜೀರ್ಣವಾಗದ ರೂಪಕ್ಕೆ ತಿರುಗಿ, ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ರಾತ್ರಿ ನೀರು ಹಾಕಿಟ್ಟ ತಂಗಳನ್ನವನ್ನು ಬೆಳಿಗ್ಗೆ ಮಜ್ಜಿಗೆ ಕಲಸಿ ಉಂಡು ಗದ್ದೆಗೆ ಇಳಿಯುತ್ತಿದ್ದವರಿಗೆ ಈ ಲೆಕ್ಕ ಬೇಕಿರಲಿಲ್ಲ, ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ ಎಂಬ ಅನುಭವವೇ ಸಾಕಿತ್ತು.

ಈ ನಗರಕ್ಕೆ ಇಡ್ಲಿ ದೋಸೆಯ ರುಚಿ ಹತ್ತಿಸಿದವರು ಮಾಟುಂಗ, ಫೋರ್ಟ್‌ಗಳ ನಮ್ಮ ಉಡುಪಿ ಹೋಟೆಲಿನವರು. ಹಿಟ್ಟು ಹುಳಿ ಬರುವಾಗ ಧಾನ್ಯ ಬೇಳೆಗಳಲ್ಲಿ ಕಬ್ಬಿಣದಂಥ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಅಂಶ ಕಡಿಮೆಯಾಗುತ್ತದೆ, ದೇಹಕ್ಕೆ ಅವು ಸುಲಭವಾಗಿ ದಕ್ಕುತ್ತವೆ. ಆದರೆ ಇಡ್ಲಿಯಲ್ಲಿ ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ ಇದೆ ಎನ್ನುವುದು ಸರಿಯಲ್ಲ, ಹಬೆಯಲ್ಲಿ ಬೆಂದಾಗ ಅವು ಸಾಯುತ್ತವೆ. ಜೀವಂತವಾಗಿ ಹೊಟ್ಟೆಗೆ ಹೋಗುವುದು ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಮಜ್ಜಿಗೆಯಲ್ಲಿ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 36 ಮಂದಿಯನ್ನು ಎರಡು ಗುಂಪು ಮಾಡಿ ಹತ್ತು ವಾರ ನಡೆಸಿದ ಪ್ರಯೋಗದಲ್ಲಿ, ಹುದುಗಿದ ಆಹಾರ ಹೆಚ್ಚು ತಿಂದ ಗುಂಪಿನವರ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನ್‌ಗಳ ಮಟ್ಟ ಇಳಿಯಿತು. ಪ್ರಯೋಗ ಸಣ್ಣದು, ಆದರೂ ದಾರಿ ತೋರಿಸುವಂಥದು.

ನೆಲದ ಮೇಲೆ ಕುಳಿತು ಏಳುವುದರ ಬಗ್ಗೆ ಎರಡು ಮಾತು. ಬ್ರೆಜಿಲ್‌ನ ವೈದ್ಯರು 51ರಿಂದ 80 ವರ್ಷದ 2,002 ಜನರನ್ನು ಕೈ ಊರದೆ ನೆಲಕ್ಕೆ ಕುಳಿತು ಏಳಲು ಹೇಳಿ ಅಂಕ ಕೊಟ್ಟರು, ಬಳಿಕ ವರ್ಷಗಳ ಕಾಲ ಅವರ ಆರೋಗ್ಯದ ಜಾಡು ಹಿಡಿದರು. ಅಂಕ ಕಡಿಮೆ ಬಂದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು ಎಂದು 2012ರಲ್ಲಿ ಪ್ರಕಟಿಸಿದರು. ನೆಲದ ಮೇಲೆ ಕುಳಿತ ಮಾತ್ರಕ್ಕೆ ಆಯುಸ್ಸು ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ತೊಡೆಯ ಬಲ, ಸೊಂಟದ ಬಾಗು, ಸಮತೋಲ ಇವೆಲ್ಲ ಉಳಿದಿವೆಯೇ ಎಂಬುದಕ್ಕೆ ಅದು ಕನ್ನಡಿ. ದಿನಕ್ಕೆ ಐದಾರು ಬಾರಿ ಚಾಪೆಯಿಂದ ಎದ್ದು ಕೂರುವವರಿಗೆ ಆ ಅಭ್ಯಾಸ ಬೇರೆ ಮಾಡಬೇಕಾಗಿಲ್ಲ. ಮೊಣಕಾಲು ಸವೆದವರು ಮಾತ್ರ ಹಟ ಮಾಡದೆ ಕುರ್ಚಿಯಲ್ಲೇ ಕೂರಲಿ.

ನನಗೆ ಅತಿ ಹೆಚ್ಚು ಅಚ್ಚರಿ ತಂದದ್ದು ಭಜನೆ. ಅಮ್ಮ ಹಾಡುವುದನ್ನು ಪಕ್ಕದಲ್ಲಿ ಕುಳಿತು ಗಮನಿಸಿದೆ. ಒಂದು ಸಾಲಿಗೆ ಒಂದು ಉಸಿರು. ಸಾಲಿನ ಕೊನೆಯಲ್ಲಿ ಸ್ವರ ಎಳೆದು, ಉಸಿರು ಪೂರ್ತಿ ಖಾಲಿಯಾದ ಮೇಲೆ ಚಿಕ್ಕದಾಗಿ ಒಳಗೆಳೆದುಕೊಂಡು ಮುಂದಿನ ಸಾಲು. ಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ ಆರೇಳು ಉಸಿರು. ಸುಮ್ಮನೆ ಕುಳಿತವರ ಉಸಿರು ನಿಮಿಷಕ್ಕೆ 12ರಿಂದ 20. ಈ ಆರು ಎಂಬ ಸಂಖ್ಯೆ ಆಕಸ್ಮಿಕವಲ್ಲ. 2001ರಲ್ಲಿ ಇಟಲಿಯ ಸಂಶೋಧಕರು ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನೂ ಓಂ ಮಣಿ ಪದ್ಮೇ ಹುಂ ಮಂತ್ರವನ್ನೂ 23 ಮಂದಿಯಿಂದ ಹೇಳಿಸಿ ಅಳೆದಾಗ ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ರಕ್ತದೊತ್ತಡ ಏರಿಳಿಯುವುದಕ್ಕೂ ಹೃದಯದ ಬಡಿತ ಅದಕ್ಕೆ ಹೊಂದಿಕೊಳ್ಳುವುದಕ್ಕೂ ಸುಮಾರು ಹತ್ತು ಸೆಕೆಂಡಿನ ಒಂದು ಸಹಜ ಲಯವಿದೆ. ಉಸಿರೂ ಹತ್ತು ಸೆಕೆಂಡಿಗೆ ಒಂದಾದಾಗ ಎರಡೂ ತಾಳಕ್ಕೆ ತಾಳ ಸೇರುತ್ತವೆ. ಉಸಿರನ್ನು ಹೊರಗೆ ಬಿಡುವಾಗ ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಬಡಿತವನ್ನು ನಿಧಾನಗೊಳಿಸುತ್ತದೆ. ಸ್ವರ ಎಳೆದು ಹಾಡುವುದೆಂದರೆ ಉದ್ದಕ್ಕೆ ಉಸಿರು ಬಿಡುವುದೇ. ದಿನದ ಗಡಿಬಿಡಿಯಿಂದ ದೇಹವನ್ನು ಇಳಿಸಿ ರಾತ್ರಿಗೆ ಒಪ್ಪಿಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ.

ಸಂಪ್ರದಾಯವನ್ನು ಹೀಗೆ ಅಳೆದು ನೋಡುವ ಕೆಲಸಕ್ಕೆ ಈ ಪ್ರದೇಶದಲ್ಲೇ ನೂರು ವರ್ಷದ ಇತಿಹಾಸವಿದೆ. ಶ್ರೀ ಯೋಗೇಂದ್ರರು 1918ರಲ್ಲಿ ಕಟ್ಟಿದ ಯೋಗ ಸಂಸ್ಥೆ ಇಂದು ಸಾಂತಾಕ್ರೂಜ್‌ನಲ್ಲಿದೆ. ಮುಂಬಯಿ ಪುಣೆಗಳ ನಡುವಿನ ಲೋನಾವಳದಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಕೈವಲ್ಯಧಾಮ ಸ್ಥಾಪಿಸಿ, ಆಸನ ಪ್ರಾಣಾಯಾಮಗಳನ್ನು ಎಕ್ಸ್‌ರೇಯಂಥ ಉಪಕರಣಗಳಿಂದ ಪರೀಕ್ಷಿಸಿ ಫಲಿತಾಂಶವನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳೆಯದು ಎಂಬ ಕಾರಣಕ್ಕೆ ನಂಬದೆ, ಹಳೆಯದು ಎಂಬ ಕಾರಣಕ್ಕೆ ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದ ಆ ಧೈರ್ಯ ನನಗೆ ತುಂಬ ಇಷ್ಟ.

ಭಜನೆಗೆ ಇನ್ನೊಂದು ಮುಖವಿದೆ, ಜೊತೆಗಾರಿಕೆಯದು. ಅಮ್ಮ ಶನಿವಾರ ಭಜನಾ ಮಂಡಳಿಗೆ ಹೋಗುತ್ತಾರೆ. ಅಲ್ಲಿ ಮಂಗಳಾರತಿಯಾದ ಮೇಲಿನ ಅರ್ಧ ಗಂಟೆಯೇ ಅವರ ವಾರದ ಔಷಧ. ಯಾರ ಸೊಸೆಗೆ ಹೆರಿಗೆ, ಯಾರ ಮನೆಯವರು ಆಸ್ಪತ್ರೆಯಲ್ಲಿದ್ದಾರೆ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಒಂದು ವಾರ ಹೋಗದಿದ್ದರೆ ಮೂರು ಫೋನ್ ಬರುತ್ತವೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಉನ್ನತ ಅಧಿಕಾರಿ, ಆಗಿದ್ದಾಗ 2023ರಲ್ಲಿ ಹೊರಡಿಸಿದ ಎಚ್ಚರಿಕೆಯ ವರದಿಯಲ್ಲಿ, ಜನಸಂಪರ್ಕವಿಲ್ಲದೆ ಬದುಕುವುದರಿಂದ ಆಯುಸ್ಸಿಗೆ ಆಗುವ ಹಾನಿ ದಿನಕ್ಕೆ 15 ಸಿಗರೇಟ್ ಸೇದುವುದಕ್ಕೆ ಸಮನಾಗಬಲ್ಲದು ಎಂದರು. ಎರಡು ಕೋಟಿ ಜನರ ಈ ನಗರದಲ್ಲಿ ಒಂಟಿಯಾಗಿರುವುದು ಎಷ್ಟು ಸುಲಭ ಎಂದು ಲೋಕಲ್‌ನ ಡಬ್ಬಿಯಲ್ಲಿ ಮುಖಗಳನ್ನು ನೋಡಿದವರಿಗೆ ಗೊತ್ತು.

ಹಳೆಯದೆಲ್ಲ ಹಿತವಲ್ಲ ಎಂದು ಖಂಡಿತವಾಗಿ ಹೇಳಬೇಕಾದ ಜಾಗವೂ ಇದೆ. ಊಟವಾದ ಮೇಲಿನ ಎಲೆ ಅಡಿಕೆ ನಮ್ಮ ಮರ್ಯಾದೆಯ ಗುರುತು, ಮದುವೆ ಮುಂಜಿಯ ಶೋಭೆ. ಆದರೂ ಅಡಿಕೆ, ಹೊಗೆಸೊಪ್ಪು ಸೇರಿಸದಿದ್ದರೂ, ಬಾಯಿಯ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ನಮ್ಮ ಕಡೆಯ ಎಷ್ಟೋ ಮನೆಗಳ ಜೀವನ ಅಡಿಕೆಯಿಂದ ನಡೆದಿದೆ, ಈ ಮಾತು ಬರೆಯಲು ನನಗೂ ಕಷ್ಟ. ಆದರೆ ಬಾಯಿ ತೆರೆಯಲಾಗದೆ ನರಳಿದವರನ್ನು ಹತ್ತಿರದಿಂದ ನೋಡಿದ್ದೇನೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಗಂಜಿಗೆ ಎಷ್ಟು ಒಗ್ಗಿದರೂ ರಕ್ತದೊತ್ತಡ ಇರುವವರಿಗೆ ಅವುಗಳ ಉಪ್ಪು ಹೊರೆ. ಏಕಾದಶಿ, ಸಂಕಷ್ಟಿ ಎಂದು ಉಪವಾಸ ಮಾಡುವವರು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಮಾಡಬೇಕು, ಸಕ್ಕರೆ ದಿಢೀರನೆ ಇಳಿದು ಪ್ರಜ್ಞೆ ತಪ್ಪಬಹುದು. ಗಾಢವಾದ ಖಿನ್ನತೆಗೆ ದೀಪ, ಭಜನೆ ಆಸರೆಯಾಗಬಹುದು, ಚಿಕಿತ್ಸೆಯ ಜಾಗ ತುಂಬಲಾರವು.

ಹೋಟೆಲಿನಲ್ಲಿ ದುಡಿಯುವ ನಮ್ಮವರ ನೆನಪಾಗದೆ ಈ ವಿಷಯ ಮುಗಿಯುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಹಿಟ್ಟು ಕಲಸುವ ಭಟ್ಟರು, ರಾತ್ರಿ ಹನ್ನೆರಡಕ್ಕೆ ಗಲ್ಲಾ ಮುಚ್ಚುವ ಮಾಲಕರು, ಅದಾದ ಮೇಲೆ ಉಣ್ಣುವ ಹುಡುಗರು. ಊರಿಗೇ ಹೊತ್ತುಹೊತ್ತಿಗೆ ಊಟ ಹಾಕಿದವರಿಗೆ ತಮ್ಮ ಊಟಕ್ಕೆ ಹೊತ್ತು ಸಿಗಲಿಲ್ಲ. ಅಂಥವರಿಗೆ ಬೇಗ ಮಲಗಿ ಎಂದು ಉಪದೇಶ ಮಾಡುವುದು ಅನ್ಯಾಯ. ಅವರಿಂದ ಆಗಬಹುದಾದದ್ದು ಇಷ್ಟು: ದೊಡ್ಡ ಊಟವನ್ನು ಸಂಜೆ ಗಿರಾಕಿಗಳ ಗದ್ದಲ ಏರುವ ಮೊದಲೇ ಮುಗಿಸಿ, ಕೆಲಸ ಮುಗಿದ ಮೇಲೆ ಮಜ್ಜಿಗೆಯಂಥ ಹಗುರದ್ದನ್ನು ಮಾತ್ರ ಕುಡಿಯುವುದು, ಮಲಗಿ ಏಳುವ ಹೊತ್ತನ್ನು ದಿನದಿನಕ್ಕೆ ಬದಲಿಸದಿರುವುದು, ಎದ್ದ ಕೂಡಲೇ ಹತ್ತು ನಿಮಿಷ ಹೊರಗಿನ ಬೆಳಕಿಗೆ ಬರುವುದು. ಉಳಿದದ್ದು ಮಾಲಕರ ಕೈಯಲ್ಲಿದೆ. ಪಾಳಿಯನ್ನು ವಾರವಾರಕ್ಕೆ ತಿರುಗಿಸದೆ ಒಬ್ಬರಿಗೆ ಒಂದೇ ಪಾಳಿ ಕೊಟ್ಟರೆ ಆ ಹುಡುಗರ ದೇಹಕ್ಕೆ ದೊಡ್ಡ ಉಪಕಾರ.

ನಾನು ಬದಲಿಸಿಕೊಂಡದ್ದು ಸ್ವಲ್ಪವೇ. ಈಗ ಎರಡು ಡಬ್ಬ ಒಯ್ಯುತ್ತೇನೆ. ಎರಡನೆಯದನ್ನು ಕಚೇರಿಯಲ್ಲೇ ಸಂಜೆ ಆರೂಮುಕ್ಕಾಲಿಗೆ ಮುಗಿಸಿ, ಒಂದು ಬಸ್ ನಿಲ್ದಾಣದಷ್ಟು ದೂರ ನಡೆದು ರೈಲು ಹತ್ತುತ್ತೇನೆ. ಡೊಂಬಿವಲಿಯಲ್ಲಿ ಇಳಿದ ಮೇಲೆ ರಿಕ್ಷಾ ಹಿಡಿಯುವುದಿಲ್ಲ. ಮನೆಗೆ ಬಂದಾಗ ಮೇಜಿನ ಮೇಲೆ ಅಮ್ಮ ಮುಚ್ಚಿಟ್ಟ ಮಜ್ಜಿಗೆ ಇರುತ್ತದೆ, ಅದರಲ್ಲಿ ಜಜ್ಜಿದ ಶುಂಠಿ, ಕರಿಬೇವು. ಕಳೆದ ಪರೀಕ್ಷೆಯಲ್ಲಿ ಅಂಕಿ 5.8ಕ್ಕೆ ಬಂದಿತ್ತು. ಭಾನುವಾರ ಮಾತ್ರ ದೀಪದ ಹೊತ್ತಿಗೆ ಮನೆಯಲ್ಲಿರುತ್ತೇನೆ. ಅಂದು ಅಮ್ಮ ಕೈಕಾಲು ತೊಳೆದು ಬಾ ಎಂದು ಮೋರಿಯ ಕಡೆ ಕೈ ತೋರಿಸುತ್ತಾರೆ, ಬಂದು ಕುಳಿತ ಮೇಲೆ ತಾಳವನ್ನು ನನ್ನ ಕೈಗಿಟ್ಟು ಮೊದಲ ಸಾಲು ಎತ್ತಿಕೊಳ್ಳುತ್ತಾರೆ.